ಮಾಂಟೆಸ್ಸರಿ, ಎಲ್‌ಕೆಜಿ, ಅಂಗನವಾಡಿ: ಸೇರಿಸುವ ಮುನ್ನ ಮೂರನೆಯ ವರ್ಷದ ಲೆಕ್ಕ ಹಾಕಿ

ಮಗುವಿಗೆ ಎರಡೂವರೆ ವರ್ಷ ತುಂಬುವ ಮೊದಲೇ ಮನೆಯಲ್ಲಿ ಶಾಲೆಯ ಚರ್ಚೆ ಶುರುವಾಗುತ್ತದೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಒಂದೇ ಬಡಾವಣೆಯೊಳಗೆ ನಾಲ್ಕು ದಾರಿಗಳು ಸಿಗುತ್ತವೆ. ಯಾರದೋ ಮನೆಯ ನೆಲಮಹಡಿಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳಿರುವ ಸಣ್ಣ ಮಾಂಟೆಸ್ಸರಿ, ಊರೂರಲ್ಲಿ ಶಾಖೆಗಳಿರುವ ಪ್ಲೇ ಸ್ಕೂಲ್, ಹತ್ತನೇ ತರಗತಿಯವರೆಗೆ ಇರುವ ದೊಡ್ಡ ಶಾಲೆಯ ಎಲ್‌ಕೆಜಿ, ಹಾಗೂ ಸರ್ಕಾರದ ಅಂಗನವಾಡಿ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮಗುವಿಗೆ ಐದು ತುಂಬಿದ ಮೇಲೂ ಅದೇ ಜಾಗದಲ್ಲಿ ಬಿಡುತ್ತೀರಾ?

ಬಿಡುತ್ತೇವೆ ಎನ್ನುವವರು ಮಾಂಟೆಸ್ಸರಿಯ ಬಾಗಿಲು ತಟ್ಟಲಿ. ಒಂದೋ ಎರಡೋ ವರ್ಷ ಅಲ್ಲಿ ಕಳೆಯಲಿ, ಆಮೇಲೆ ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿದ ಕೂಡಲೇ ಬಿಡಿಸಿಕೊಳ್ಳೋಣ ಎನ್ನುವವರು ಆ ಹಣವನ್ನು ಉಳಿಸಿಕೊಂಡು ಮನೆಯ ಹತ್ತಿರದ ಒಳ್ಳೆಯ ನರ್ಸರಿಗೋ ಅಂಗನವಾಡಿಗೋ ಕಳುಹಿಸಲಿ. ಇದು ಕಠಿಣವಾದ ಮಾತು ಎನ್ನಿಸಬಹುದು, ಆದರೆ ಕಾರಣವಿದೆ.

ಮೂರನೆಯ ವರ್ಷದಲ್ಲಿ ಏನಾಗುತ್ತದೆ

ಮಾಂಟೆಸ್ಸರಿ ಕ್ರಮವನ್ನು ಮೂರು ವರ್ಷದ ಒಂದು ಸುತ್ತಾಗಿ ಕಟ್ಟಲಾಗಿದೆ. ಎರಡೂವರೆ, ಮೂರು ವರ್ಷದಿಂದ ಆರು ವರ್ಷದವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿರುತ್ತಾರೆ. ಮೊದಲ ವರ್ಷದ ಮಗು ಹೂಜಿಯಿಂದ ಲೋಟಕ್ಕೆ ನೀರು ಸುರಿಯುತ್ತದೆ, ಚಮಚದಲ್ಲಿ ಹೆಸರುಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತದೆ, ಚಾಪೆ ಸುತ್ತಿಡುತ್ತದೆ, ಬಟಾಣಿ ಸುಲಿಯುತ್ತದೆ, ಚೌಕಟ್ಟಿಗೆ ಹೊಲಿದ ಬಟ್ಟೆಯ ಮೇಲೆ ಗುಂಡಿ ಹಾಕಿ ಬಿಚ್ಚುತ್ತದೆ. ನೋಡುವ ತಂದೆತಾಯಿಗೆ ‘ಇಷ್ಟಕ್ಕೆ ಇಷ್ಟು ಫೀಸೇ’ ಎನ್ನಿಸುವುದು ಸಹಜ. ಆದರೆ ಅದೇ ಬೆರಳುಗಳು ಮುಂದೆ ಪೆನ್ಸಿಲ್ ಹಿಡಿಯಬೇಕು. ಅದೇ ಗಮನ ಮುಂದೆ ಲೆಕ್ಕದ ಮೇಲೆ ನಿಲ್ಲಬೇಕು.

ಎರಡನೆಯ ವರ್ಷ ಇಂದ್ರಿಯಗಳಿಗೆ ಸಂಬಂಧಿಸಿದ ಪರಿಕರಗಳ ಕೆಲಸ ಗಟ್ಟಿಯಾಗುತ್ತದೆ. ಗುಲಾಬಿ ಗೋಪುರ ಎಂಬ ಪರಿಕರದಲ್ಲಿ ಒಂದರ ಮೇಲೊಂದು ಜೋಡಿಸುವ ಹತ್ತು ಘನಗಳಿವೆ. ಅತಿ ಚಿಕ್ಕದು ಒಂದು ಸೆಂಟಿಮೀಟರ್, ಅತಿ ದೊಡ್ಡದು ಹತ್ತು ಸೆಂಟಿಮೀಟರ್. ಕೆಂಪು ಕೋಲುಗಳು ಹತ್ತು ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗೆ ಒಂದೇ ಅಳತೆಯಲ್ಲಿ ಬೆಳೆಯುತ್ತಾ ಹೋಗುತ್ತವೆ. ದಶಮಾನ ಪದ್ಧತಿ ಮಗುವಿನ ಕೈಗೆ ತಾಗುವುದು ಇಲ್ಲಿ, ಆ ಹೆಸರನ್ನು ಕೇಳುವುದಕ್ಕಿಂತ ಎಷ್ಟೋ ಮೊದಲು. ಉರುಳೆಯಂಥ ಮರದ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುವ ಪರಿಕರದಲ್ಲಿ, ಒಂದನ್ನು ತಪ್ಪಾಗಿ ಇಟ್ಟರೆ ಕೊನೆಗೆ ಒಂದು ತುಂಡು ಜಾಗ ಸಿಗದೆ ಉಳಿಯುತ್ತದೆ. ‘ತಪ್ಪು’ ಎಂದು ಯಾರೂ ಹೇಳಬೇಕಾಗಿಲ್ಲ, ಮಗು ತಾನೇ ಮತ್ತೆ ತೆಗೆದು ಜೋಡಿಸುತ್ತದೆ.

ಇವೆಲ್ಲ ಒಟ್ಟುಗೂಡುವುದು ಮೂರನೆಯ ವರ್ಷದಲ್ಲಿ. ಚಿನ್ನದ ಬಣ್ಣದ ಮಣಿಗಳಿರುತ್ತವೆ: ಬಿಡಿಗೆ ಒಂದು ಮಣಿ, ಹತ್ತಕ್ಕೆ ಒಂದು ಸರ, ನೂರಕ್ಕೆ ಒಂದು ಚೌಕ, ಸಾವಿರಕ್ಕೆ ಒಂದು ಘನ. ಐದು ವರ್ಷದ ಮಗು ತಟ್ಟೆಯಲ್ಲಿ ಇವನ್ನು ಹೊತ್ತು ತಂದು, ಇನ್ನೊಬ್ಬರ ತಟ್ಟೆಯದಕ್ಕೆ ಸೇರಿಸಿ, ಹತ್ತು ಬಿಡಿ ಮಣಿಗಳನ್ನು ಕೊಟ್ಟು ಒಂದು ಸರ ಪಡೆದು, ನಾಲ್ಕಂಕಿಯ ಕೂಡುವ ಲೆಕ್ಕ ಮಾಡುತ್ತದೆ. ದಶಕ ತೆಗೆದುಕೊಳ್ಳುವುದು ಎಂದರೇನು ಎಂದು ಅದಕ್ಕೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಬರವಣಿಗೆ, ಓದು ಚಿಗುರುವುದೂ ಬಹಳ ಮಕ್ಕಳಲ್ಲಿ ಈ ವರ್ಷವೇ. ಇದೇ ವರ್ಷ ಆ ಮಗು ಕೋಣೆಯ ಹಿರಿಯ ಸದಸ್ಯ. ಹೊಸದಾಗಿ ಬಂದು ಅಳುತ್ತಿರುವ ಮೂರು ವರ್ಷದವನಿಗೆ ಚಪ್ಪಲಿ ಎಲ್ಲಿಡಬೇಕೆಂದು ತೋರಿಸುವುದು, ಚಾಪೆ ಬಿಚ್ಚಿಕೊಡುವುದು ಅದರ ಪಾಲಿಗೆ ಬರುತ್ತದೆ. ಕಲಿಸುತ್ತಾ ಕಲಿಯುವ ಆ ಅವಕಾಶ ಬೇರೆ ಯಾವ ವರ್ಷವೂ ಸಿಗುವುದಿಲ್ಲ.

ಎರಡು ವರ್ಷಕ್ಕೆ ಬಿಡಿಸಿಕೊಳ್ಳುವುದು ಎಂದರೆ ರಾಗಿ ಬಿತ್ತಿ, ಕಳೆ ಕಿತ್ತು, ತೆನೆ ಕಟ್ಟುವ ಹೊತ್ತಿಗೆ ಹೊಲ ಬಿಟ್ಟು ಬಂದಂತೆ. ನಗರಗಳ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಎಲ್‌ಕೆಜಿಯಲ್ಲೇ ಸೀಟು ಹಿಡಿಯದಿದ್ದರೆ ಒಂದನೇ ತರಗತಿಗೆ ಸಿಗುವುದಿಲ್ಲ ಎಂಬ ಭಯಕ್ಕೆ ನಾಲ್ಕು ವರ್ಷದ ಮಗುವನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಭಯ ಸುಳ್ಳಲ್ಲ, ಬಹಳಷ್ಟು ದೊಡ್ಡ ಶಾಲೆಗಳು ಕೆಳಗಿನಿಂದಲೇ ತುಂಬಿಕೊಂಡು ಬರುತ್ತವೆ. ಹಾಗಾಗಿ ಮಾಂಟೆಸ್ಸರಿಗೆ ಸೇರಿಸುವ ಮೊದಲೇ, ಮುಂದೆ ನೀವು ಬಯಸುವ ಶಾಲೆ ಒಂದನೇ ತರಗತಿಗೆ ಹೊಸಬರನ್ನು ತೆಗೆದುಕೊಳ್ಳುತ್ತದೆಯೇ ಎಂದು ಹೋಗಿ ಕೇಳಿ. ಇಲ್ಲ ಎಂದರೆ, ಮತ್ತು ಆ ಶಾಲೆಯೇ ಬೇಕು ಎಂದಿದ್ದರೆ, ನಿಮ್ಮ ತೀರ್ಮಾನ ಅಲ್ಲಿಗೇ ಮುಗಿಯಿತು.

ವಯಸ್ಸಿನ ನಿಯಮ ನಿಮ್ಮ ಪರವಾಗಿದೆ

ಒಂದನೇ ತರಗತಿಗೆ ಸೇರಲು ಜೂನ್ 1 ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ 2022 ರ ಜುಲೈನಲ್ಲಿ ಆದೇಶ ಹೊರಡಿಸಿತು. ಅದು 2025-26 ರಿಂದ ಜಾರಿಗೆ ಬರಬೇಕಿತ್ತು. ಪೋಷಕರ ಒತ್ತಾಯಕ್ಕೆ ಮಣಿದು ಆ ಸಾಲಿಗೆ ಐದು ವರ್ಷ ಐದು ತಿಂಗಳು ಎಂದು ಸಡಿಲಿಸಲಾಯಿತು. ಈ ನಿಯಮವನ್ನು ಬಹಳ ಮಂದಿ ‘ಒಂದು ವರ್ಷ ವ್ಯರ್ಥ’ ಎಂದು ಶಪಿಸಿದ್ದಾರೆ. ನಾನು ಮಾತ್ರ ಈ ನಿಯಮವನ್ನು ಮನಸಾರೆ ಒಪ್ಪುತ್ತೇನೆ.

ಲೆಕ್ಕ ಹಾಕಿ ನೋಡಿ. 2023 ರ ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ 2029 ರ ಜೂನ್ 1 ಕ್ಕೆ ಆರು ತುಂಬಿರುವುದಿಲ್ಲ. ಆರು ವರ್ಷದ ನಿಯಮದಂತೆ ಅದು ಒಂದನೇ ತರಗತಿಗೆ ಹೋಗುವುದು 2030 ರಲ್ಲಿ. 2027 ರ ಜೂನ್‌ನಲ್ಲಿ, ಅಂದರೆ ಮೂರು ವರ್ಷ ಒಂಬತ್ತು ತಿಂಗಳು ದಾಟಿದ ಮೇಲೆ ಸೇರಿಸಿದರೂ ಪೂರ್ತಿ ಮೂರು ವರ್ಷ ಸಿಗುತ್ತದೆ. ಎರಡು ವರ್ಷಕ್ಕೇ ಡೈಪರ್ ಸಮೇತ ಒಯ್ದು ಬಿಡುವ ಅವಸರ ಯಾರಿಗೂ ಬೇಕಿಲ್ಲ. ಮನೆಯಲ್ಲಿ ಅಜ್ಜಿ, ತಾತ, ಅಕ್ಕಪಕ್ಕದ ಮಕ್ಕಳು ಇದ್ದರೆ ಮೂರು ವರ್ಷದವರೆಗೆ ಮನೆಯೇ ಐದನೆಯ ಆಯ್ಕೆ, ಮತ್ತು ಒಳ್ಳೆಯ ಆಯ್ಕೆ.

ಫಲಕ ಓದಿ ಸೇರಿಸಬೇಡಿ

ಮಾರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907 ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. 1939 ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದಲ್ಲಿ ಇಟಲಿ ಶತ್ರುಪಕ್ಷ ಸೇರಿದ್ದರಿಂದ ಇಲ್ಲೇ ಉಳಿಯಬೇಕಾಯಿತು. ಅಡ್ಯಾರು, ಕೊಡೈಕೆನಾಲ್‌ಗಳಲ್ಲಿ ಇದ್ದುಕೊಂಡು, ಮಗ ಮಾರಿಯೊ ಜೊತೆ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಇಷ್ಟು ಬೇರೂರಲು ಆ ವರ್ಷಗಳೇ ಕಾರಣ. ಬೆಂಗಳೂರಿನಲ್ಲಿ ದಶಕಗಳಿಂದ ಗಂಭೀರವಾದ ತರಬೇತಿ ನಡೆಯುತ್ತಾ ಬಂದಿದೆ.

ಆದರೆ ಈ ಹೆಸರಿಗೆ ಒಡೆಯರಿಲ್ಲ. ಯಾರು ಬೇಕಾದರೂ ಗೇಟಿನ ಮೇಲೆ ಮಾಂಟೆಸ್ಸರಿ ಎಂದು ಬರೆಸಬಹುದು, ಬರೆಸಿಯೂ ಇದ್ದಾರೆ. ಒಳಗೆ ಹೋದರೆ ಪ್ಲಾಸ್ಟಿಕ್ ಆಟಿಕೆ, ಗೋಡೆಯ ಮೇಲೆ ಎ ಫಾರ್ ಆಪಲ್, ಮೂಲೆಯಲ್ಲಿ ದೂಳು ಹಿಡಿದ ಒಂದು ಗುಲಾಬಿ ಗೋಪುರ. ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಆಂಜೆಲಿನ್ ಲಿಲ್ಲಾರ್ಡ್ 2012 ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಮೂಲ ಕ್ರಮವನ್ನು ನಿಷ್ಠೆಯಿಂದ ಪಾಲಿಸುವ ತರಗತಿ, ಅದರ ಜೊತೆಗೆ ವರ್ಕ್‌ಶೀಟು ಮತ್ತಿತರ ಸಾಮಾನ್ಯ ಸಾಮಗ್ರಿಗಳನ್ನು ಬೆರೆಸಿದ ತರಗತಿ, ಸಾಂಪ್ರದಾಯಿಕ ತರಗತಿ, ಈ ಮೂರನ್ನು ಹೋಲಿಸಿದಾಗ ಒಂದೇ ಶೈಕ್ಷಣಿಕ ವರ್ಷದಲ್ಲಿ ಹೆಚ್ಚು ಪ್ರಗತಿ ಕಂಡದ್ದು ನಿಷ್ಠೆಯ ತರಗತಿಯ ಮಕ್ಕಳಲ್ಲಿ. ಅರೆಬರೆ ಮಾಂಟೆಸ್ಸರಿಗೆ ಪೂರ್ತಿ ಮಾಂಟೆಸ್ಸರಿಯ ಫೀಸು ಕೊಡುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಗುರುತಿಸುವುದು ಹೇಗೆ? ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಮೂಲೆಯಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತು ನೋಡಲು ಅನುಮತಿ ಕೇಳಿ. ಪೋಷಕರನ್ನು ಆಫೀಸ್ ಕೋಣೆಯಿಂದಾಚೆ ಬಿಡದ ಶಾಲೆಯನ್ನು ಪಟ್ಟಿಯಿಂದ ತೆಗೆದುಹಾಕಿ. ಒಳಗೆ ಬಿಟ್ಟರೆ, ಮೊದಲು ದೊಡ್ಡವರ ಧ್ವನಿ ಕೇಳಿಸುತ್ತಿದೆಯೇ ಎಂದು ಗಮನಿಸಿ. ಬೆಂಗಳೂರಿನ ಅನೇಕ ಮಾಂಟೆಸ್ಸರಿಗಳಲ್ಲಿ ಮಕ್ಕಳು ಶಿಕ್ಷಕಿಯನ್ನು ‘ಆಂಟಿ’ ಎಂದು ಕರೆಯುತ್ತಾರೆ. ಒಳ್ಳೆಯ ಆಂಟಿಯನ್ನು ಕೋಣೆಯಲ್ಲಿ ಹುಡುಕಬೇಕಾಗುತ್ತದೆ. ಅವರು ಯಾವುದೋ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮೆಲ್ಲನೆ, ಕಡಿಮೆ ಮಾತಿನಲ್ಲಿ ಕೈಯಿಂದ ತೋರಿಸುತ್ತಿರುತ್ತಾರೆ. ಮಕ್ಕಳು ತಾವೇ ಕಪಾಟಿನಿಂದ ಪರಿಕರ ತೆಗೆದು, ಕೆಲಸ ಮಾಡಿ, ಮತ್ತೆ ಅಲ್ಲೇ ಇಡುತ್ತಾರೆ. ಪ್ರತಿ ಪರಿಕರವೂ ಒಂದೊಂದೇ ಇರುತ್ತದೆ. ಬೇರೆಯವರು ಬಳಸುತ್ತಿದ್ದರೆ ಕಾಯಬೇಕು. ಬಡತನದಿಂದ ಹೀಗೆ ಮಾಡಿಲ್ಲ, ಕಾಯುವುದೂ ಅಲ್ಲಿಯ ಪಾಠ. ಲೋಟಗಳು ಗಾಜಿನವೇ ಆಗಿರುತ್ತವೆ. ಒಡೆದಾಗ ಏನು ಮಾಡುತ್ತೀರಿ ಎಂದು ಕೇಳಿ ನೋಡಿ, ಉತ್ತರದಲ್ಲಿ ಶಾಲೆಯ ಸ್ವಭಾವ ತಿಳಿಯುತ್ತದೆ.

ಗಂಟೆ ಹೊಡೆದು ಅರ್ಧ ಗಂಟೆಗೊಮ್ಮೆ ‘ಪೀರಿಯಡ್’ ಬದಲಾಗುತ್ತದೆಯೇ ಎಂಬುದನ್ನೂ ನೋಡಿ. ಎರಡೂವರೆ, ಮೂರು ಗಂಟೆ ಅಡ್ಡಿಯಿಲ್ಲದ ಕೆಲಸದ ಸಮಯ ಈ ಕ್ರಮದ ಬೆನ್ನೆಲುಬು. ಮಕ್ಕಳನ್ನು ಒಂದನೇ ವರ್ಷದವರು, ಎರಡನೆಯವರು, ಮೂರನೆಯವರು ಎಂದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ್ದರೆ ಅದು ಹೆಸರು ಬದಲಿಸಿದ ನರ್ಸರಿ. ಶಿಕ್ಷಕಿಯ ತರಬೇತಿಯ ಬಗ್ಗೆ ಕೇಳಲು ಸಂಕೋಚ ಬೇಡ. ಎಲ್ಲಿ ಕಲಿತರು, ಎಷ್ಟು ತಿಂಗಳು, ಪರಿಕರಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿದ್ದಾರೆಯೇ, ಮಕ್ಕಳನ್ನು ಕುಳಿತು ಗಮನಿಸುವ ಅಭ್ಯಾಸ ಆ ತರಬೇತಿಯಲ್ಲಿತ್ತೇ? ಮಾರಿಯಾ ಮಾಂಟೆಸ್ಸರಿ 1929 ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸಂಘದ ಡಿಪ್ಲೊಮಾ ಇದ್ದರೆ ಒಳ್ಳೆಯದು, ಇಲ್ಲಿಯದೇ ದೀರ್ಘ ತರಬೇತಿ ಪಡೆದವರೂ ನುರಿತವರಿದ್ದಾರೆ. ಕೆಲವೇ ವಾರಗಳ ಆನ್‌ಲೈನ್ ಪ್ರಮಾಣಪತ್ರವನ್ನು ಮಾತ್ರ ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಈ ಕೋಣೆಯಲ್ಲಿ ಐದು ದಾಟಿದ ಮಕ್ಕಳು ಎಷ್ಟಿದ್ದಾರೆ? ಇಪ್ಪತ್ತೈದು ಮಕ್ಕಳಲ್ಲಿ ಏಳೆಂಟು ಮಂದಿ ಇದ್ದರೆ ಕೋಣೆ ಆರೋಗ್ಯವಾಗಿದೆ. ಒಬ್ಬರೋ ಇಬ್ಬರೋ ಇದ್ದರೆ ಹಿರಿಯರಿಲ್ಲದ ಕೋಣೆ ಅದು. ಚಿಕ್ಕವರಿಗೆ ನೋಡಿ ಕಲಿಯಲು ಯಾರೂ ಇಲ್ಲ, ಎಲ್ಲ ಹೊರೆಯೂ ಆಂಟಿಯ ಮೇಲೆ. ನೀವು ಕೊನೆಯವರೆಗೆ ಬಿಟ್ಟರೂ ನಿಮ್ಮ ಮಗುವಿಗೆ ಜೊತೆಗಾರರಿರುವುದಿಲ್ಲ.

ಸಣ್ಣದು ಎಂದರೆ ಎಷ್ಟು ಸಣ್ಣದು

‘ನಮ್ಮಲ್ಲಿ ಬರೀ ಎಂಟು ಮಕ್ಕಳು’ ಎಂಬುದನ್ನು ಜಾಹೀರಾತಿನಂತೆ ಹೇಳುವವರಿದ್ದಾರೆ, ಕೇಳಿ ಖುಷಿಪಡುವ ಪೋಷಕರೂ ಇದ್ದಾರೆ. ಸಾಮಾನ್ಯ ನರ್ಸರಿಗೆ ಅದು ಒಳ್ಳೆಯ ಸುದ್ದಿ. ಭಾರತ ಸರ್ಕಾರದ 2013 ರ ಶಿಶು ಶಿಕ್ಷಣ ನೀತಿ ಮೂರರಿಂದ ಆರು ವರ್ಷದವರಿಗೆ ಇಪ್ಪತ್ತು ಮಕ್ಕಳಿಗೊಬ್ಬರು, ಮೂರರ ಕೆಳಗಿನವರಿಗೆ ಹತ್ತು ಮಕ್ಕಳಿಗೊಬ್ಬರು ಎಂದು ಹೇಳುತ್ತದೆ. ಮಾಂಟೆಸ್ಸರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಒಬ್ಬ ನುರಿತ ಶಿಕ್ಷಕಿ, ಒಬ್ಬ ಸಹಾಯಕಿ, ಮೂವತ್ತರ ಆಸುಪಾಸಿನ ಮಕ್ಕಳು ಇರುವುದನ್ನೇ ಆದರ್ಶ ಎಂದು ಭಾವಿಸುತ್ತಾರೆ. ಎಂಟೇ ಮಕ್ಕಳಿದ್ದರೆ ದೊಡ್ಡವರು ಪ್ರತಿ ನಿಮಿಷವೂ ಕೈ ಹಾಕುತ್ತಾರೆ. ಮಗುವಿಗೆ ತಾನಾಗಿ ತಪ್ಪು ಮಾಡಿ ತಿದ್ದಿಕೊಳ್ಳುವ ಏಕಾಂತ ಸಿಗುವುದಿಲ್ಲ. ಜಗಳವಾಡಿ ರಾಜಿಯಾಗಲು ಬೇಕಾದಷ್ಟು ಜನರೂ ಇರುವುದಿಲ್ಲ. ನನ್ನ ಮಟ್ಟಿಗೆ ಒಂದೇ ಕೋಣೆಯ, ಹದಿನೆಂಟರಿಂದ ಮೂವತ್ತು ಮಕ್ಕಳ ಮನೆಯೇ ಹಿತವಾದ ಸಣ್ಣದು. ಅಲ್ಲಿ ನಡೆಸುವವರಿಗೆ ಪ್ರತಿ ಮಗುವಿನ ಅಜ್ಜಿಯ ಹೆಸರೂ ಗೊತ್ತಿರುತ್ತದೆ.

ಸಣ್ಣ ಶಾಲೆಯ ಅಪಾಯವೂ ಒಂದಿದೆ. ಅದು ಒಬ್ಬರ ಮೇಲೆ ನಿಂತಿರುತ್ತದೆ. ಅವರಿಗೆ ಕಾಯಿಲೆಯಾದರೆ, ಮನೆ ಮಾಲೀಕರು ಬಾಡಿಗೆ ಏರಿಸಿದರೆ, ಶಾಲೆ ವರ್ಷದ ನಡುವೆ ಮುಚ್ಚಬಹುದು. ಕಟ್ಟಡ ಸ್ವಂತದ್ದೇ, ಇನ್ನೊಬ್ಬ ತರಬೇತಾದ ಶಿಕ್ಷಕಿ ಇದ್ದಾರೆಯೇ ಎಂದು ಕೇಳಿಕೊಳ್ಳಿ.

ಎಲ್‌ಕೆಜಿ ಮತ್ತು ಪ್ಲೇ ಸ್ಕೂಲ್

ದೊಡ್ಡ ಶಾಲೆಯ ಎಲ್‌ಕೆಜಿಯ ಬಲ ಸ್ಪಷ್ಟ: ಹತ್ತನೇ ತರಗತಿಯವರೆಗೆ ಚಿಂತೆ ಇಲ್ಲ, ಬಸ್ಸು ಇದೆ, ಅಣ್ಣನೋ ಅಕ್ಕನೋ ಅದೇ ಗೇಟಿನೊಳಗೆ ಹೋಗುತ್ತಾರೆ. ಕೊರತೆಯೂ ಅಷ್ಟೇ ಸ್ಪಷ್ಟ. ನಾಲ್ಕು ವರ್ಷದ ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ ಎಲ್ಲರಿಗೂ ಒಂದೇ ದಿನ ಒಂದೇ ಅಕ್ಷರ ಬರೆಸುವ ಶಾಲೆಗಳು ಇನ್ನೂ ಇವೆ. ಬೆರಳು ಬಲಿಯುವ ಮೊದಲೇ ನಾಲ್ಕು ಗೆರೆಯ ಪುಸ್ತಕ ತುಂಬಿಸುವುದು ಮಗುವಿಗೆ ಹಿಂಸೆ. ಎಲ್ಲ ಎಲ್‌ಕೆಜಿಗಳೂ ಹಾಗಿಲ್ಲ. 2022 ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಕೆ ನಡೆಯಬೇಕೆಂದು ಹೇಳುತ್ತದೆ. ಅದನ್ನು ಗಂಭೀರವಾಗಿ ತೆಗೆದುಕೊಂಡ ಶಾಲೆಗಳಿವೆ. ಡಿಸೆಂಬರ್ ಹೊತ್ತಿನ ಒಂದು ಎಲ್‌ಕೆಜಿ ನೋಟ್‌ಬುಕ್ ತೋರಿಸಿ ಎಂದು ಕೇಳಿ, ಪುಟ ತಿರುಗಿಸಿದರೆ ಸಾಕು.

ಪ್ಲೇ ಸ್ಕೂಲ್ ಶಾಖೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಶಾಖೆಯನ್ನು ನಡೆಸುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಡು, ಕುಣಿತ, ಮರಳಿನ ಆಟ, ನೀರಿನ ಆಟ ನಿಜವಾಗಿ ನಡೆಯುತ್ತಿದ್ದರೆ ಮೂರು ವರ್ಷದ ಮಗುವಿಗೆ ಅದು ಒಳ್ಳೆಯದೇ. ಟಿವಿ ಪರದೆಯ ಮುಂದೆ ಕೂರಿಸಿದ್ದು ಕಂಡರೆ ಹಿಂತಿರುಗಿ ಬನ್ನಿ. ಇವುಗಳ ನಿಜವಾದ ಅನುಕೂಲ ಸಂಜೆಯವರೆಗಿನ ಡೇ ಕೇರ್. ತಂದೆತಾಯಿ ಇಬ್ಬರೂ ದುಡಿಯುವ ಮನೆಗೆ ಇದು ಸಣ್ಣ ವಿಷಯವಲ್ಲ. ಬಹುಪಾಲು ಸಣ್ಣ ಮಾಂಟೆಸ್ಸರಿಗಳು ಮಧ್ಯಾಹ್ನಕ್ಕೆ ಮುಗಿಯುತ್ತವೆ. ಹನ್ನೆರಡೂವರೆಗೆ ಮಗುವನ್ನು ಕರೆತರುವವರಿಲ್ಲದೆ, ದಿನವೂ ಆಟೊ, ಪಕ್ಕದ ಮನೆ, ಇನ್ನೊಂದು ಡೇ ಕೇರ್ ಎಂದು ಮೂರು ಕೈ ಬದಲಾಯಿಸುವುದಾದರೆ, ಒಂದೇ ಕಡೆ ನೆಮ್ಮದಿಯಾಗಿರುವ ಪ್ಲೇ ಸ್ಕೂಲೇ ಮೇಲು.

ಅಂಗನವಾಡಿಯನ್ನು ಪಟ್ಟಿಯಿಂದ ಬಿಡಬೇಡಿ

ಮಧ್ಯಮ ವರ್ಗದ ಮನೆಗಳು ಅಂಗನವಾಡಿಯ ಬಾಗಿಲನ್ನೂ ನೋಡದೆ ತೀರ್ಮಾನ ಮಾಡುತ್ತವೆ. ಇದು ನನಗೆ ನೋವಿನ ವಿಷಯ. ಮಾಂಟೆಸ್ಸರಿಗೂ ಅಂಗನವಾಡಿಗೂ ನೆಂಟಸ್ತಿಕೆಯಿದೆ. ಗುಜರಾತಿನ ಭಾವನಗರದಲ್ಲಿ 1920 ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಮಾಂಟೆಸ್ಸರಿ ವಿಚಾರಗಳನ್ನು ಭಾರತದ ಮಣ್ಣಿಗೆ ಒಗ್ಗಿಸಿದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಆ ಕೆಲಸವನ್ನು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಿಗೆ ಒಯ್ದು, ದುಬಾರಿ ಪರಿಕರಗಳ ಬದಲು ಬೀಜ, ಕಲ್ಲು, ಎಲೆಗಳನ್ನು ಬಳಸಿ, ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ತಂದರು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975 ರ ಅಕ್ಟೋಬರ್ 2 ರಂದು ದೇಶದಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಇಲ್ಲಿ ಫೀಸಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ ಇದೆ. ತೂಕ, ಎತ್ತರ ನೋಡುತ್ತಾರೆ, ಲಸಿಕೆಯ ನೆನಪು ಮಾಡುತ್ತಾರೆ. ‘ಚಿಲಿಪಿಲಿ’ ಎಂಬ ಚಟುವಟಿಕೆ ಆಧಾರಿತ ಕನ್ನಡ ಪಠ್ಯಕ್ರಮವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಮಗು ಬೀದಿಯ ಎಲ್ಲ ಮಕ್ಕಳ ಜೊತೆ ಬೆಳೆಯುತ್ತದೆ. ಕೊರತೆ ಕಾರ್ಯಕರ್ತೆಯದಲ್ಲ, ಅವರ ಮೇಲೆ ಹೊರಿಸಿದ ಕೆಲಸದ್ದು. ಸಮೀಕ್ಷೆ, ದಾಖಲೆ, ಮೊಬೈಲ್ ಆ್ಯಪ್, ಗರ್ಭಿಣಿಯರ ಭೇಟಿ ಇಷ್ಟರ ನಡುವೆ ಮಕ್ಕಳಿಗೆ ಸಿಗುವ ಸಮಯ ಕರಗುತ್ತದೆ. 2024 ರಲ್ಲಿ ರಾಜ್ಯ ಸರ್ಕಾರ ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೇರಿಸಿತು. ಅಲ್ಲಿಯೂ ಫಲಕ ಬಿಟ್ಟು ಕೋಣೆ ನೋಡಿ. ನಿಮ್ಮ ಬೀದಿಯ ಕಾರ್ಯಕರ್ತೆ ಹಾಡು ಹೇಳಿಸುತ್ತಾ, ಕಥೆ ಹೇಳುತ್ತಾ, ಮಕ್ಕಳ ಮಧ್ಯೆ ಕುಳಿತಿದ್ದರೆ, ಅರೆಬರೆ ಮಾಂಟೆಸ್ಸರಿಗಿಂತ ಅದನ್ನೇ ನಾನು ಆರಿಸುತ್ತೇನೆ.

ಕಪಾಟಿನಲ್ಲಿ ಕನ್ನಡ ಇದೆಯೇ

ಉಪ್ಪುಕಾಗದದ ಅಕ್ಷರಗಳು ಮಾಂಟೆಸ್ಸರಿಯ ಅತಿ ಸುಂದರ ಪರಿಕರಗಳಲ್ಲಿ ಒಂದು. ಹಲಗೆಯ ಮೇಲೆ ಅಂಟಿಸಿದ ಒರಟು ಅಕ್ಷರವನ್ನು ಮಗು ಎರಡು ಬೆರಳಿನಿಂದ ತೀಡುತ್ತಾ ಉಚ್ಚರಿಸುತ್ತದೆ. ಕೈ, ಕಣ್ಣು, ಕಿವಿ ಒಟ್ಟಿಗೆ ಕಲಿಯುತ್ತವೆ. ಬರೆದಂತೆ ಓದುವ ಕನ್ನಡಕ್ಕೆ ಈ ಕ್ರಮ ಹೇಳಿ ಮಾಡಿಸಿದಂತಿದೆ. ಆದರೂ ನಮ್ಮ ನಗರಗಳ ಅನೇಕ ಮಾಂಟೆಸ್ಸರಿಗಳ ಕಪಾಟಿನಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಇರುತ್ತವೆ. ಕನ್ನಡ ವಾರಕ್ಕೊಮ್ಮೆ ಒಂದು ಹಾಡಿಗೆ ಸೀಮಿತವಾಗುತ್ತದೆ. ಕನ್ನಡದ ಉಪ್ಪುಕಾಗದದ ಅಕ್ಷರ, ಕಾಗುಣಿತ ಜೋಡಿಸುವ ಬಿಡಿ ಅಕ್ಷರಗಳ ಪೆಟ್ಟಿಗೆ ಇದೆಯೇ, ಮಗು ಅಳುವಾಗ ಆಂಟಿ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾರೆ ಎಂದು ಕೇಳಿ. ಮೂರು ವರ್ಷದ ಮಗುವಿಗೆ ತನಗೆ ಬರುವ ಭಾಷೆಯಲ್ಲಿ ‘ನನಗೆ ಮೂತ್ರ ಬಂದಿದೆ’ ಎಂದು ಹೇಳಲಾಗದ ಜಾಗ, ಪರಿಕರಗಳು ಎಷ್ಟೇ ಚೆನ್ನಾಗಿರಲಿ, ಶಾಲೆಯಲ್ಲ.

ನಾಲ್ಕು ದಾಟಿದ ಮಗುವಿಗೆ

ಕೊನೆಯದಾಗಿ, ಬಹಳ ಮಂದಿ ಕೇಳುವ ಪ್ರಶ್ನೆ. ಬೇರೆ ಕಡೆ ಎರಡು ವರ್ಷ ಕಳೆದು ನಾಲ್ಕೂವರೆಯಾದ ಮಗುವನ್ನು ಈಗ ಮಾಂಟೆಸ್ಸರಿಗೆ ಸೇರಿಸಬಹುದೇ? ಒಳ್ಳೆಯ ಮಾಂಟೆಸ್ಸರಿಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ, ಅದು ಅಹಂಕಾರವಲ್ಲ. ನೀರು ಸುರಿಯುವ, ಚಾಪೆ ಸುತ್ತುವ ಕೆಲಸ ಮೂರು ವರ್ಷಕ್ಕೆ ಹಬ್ಬ, ನಾಲ್ಕೂವರೆಗೆ ಸಪ್ಪೆ. ಆ ಬುನಾದಿಯಿಲ್ಲದೆ ಮೇಲಿನ ಪರಿಕರಗಳು ಕೈಗೆ ಹತ್ತುವುದಿಲ್ಲ. ಒಂದನೇ ತರಗತಿಗೆ ಇನ್ನೂ ಎರಡು ವರ್ಷ ಇದ್ದು, ಶಾಲೆಯವರೇ ಮಗುವನ್ನು ಕೆಲವು ದಿನ ಕೂರಿಸಿಕೊಂಡು ನೋಡಿ ಒಪ್ಪಿದರೆ ಸೇರಿಸಿ. ಇಲ್ಲವಾದರೆ ಈಗಿರುವ ಜಾಗದಲ್ಲೇ ಬಿಟ್ಟು, ಮನೆಯಲ್ಲಿ ಅದರ ಎತ್ತರಕ್ಕೆ ಸಿಗುವಂತೆ ಒಂದು ಗೂಟ, ಒಂದು ಸಣ್ಣ ಪೊರಕೆ, ಸೌತೆಕಾಯಿ ಹೆಚ್ಚಲು ಒಂದು ಮೊಂಡು ಚಾಕು ಕೊಡಿ. ತನ್ನ ತಟ್ಟೆಯನ್ನು ತಾನೇ ತೊಳೆಯಲಿ, ಎಷ್ಟು ಹೊತ್ತಾದರೂ ಕಾಯಿರಿ.